ಅವನ ಫೋನಿಗೆ ಬರುವ ಆರು ಅಂಕಿ

ಬಸ್ಸು ನಿಲ್ಲುವ ಲಕ್ಷಣ ಕಾಣಲಿಲ್ಲ. ಅದಕ್ಕೆ ಅವಳು ರಸ್ತೆಯ ನಡುವೆ ಬಂದು ನಿಂತಳು.

ಬ್ರೇಕಿನ ಕಿರುಚಾಟ, ಧೂಳು, ಡ್ರೈವರನ ಬೈಗುಳ ಮೂರೂ ಒಟ್ಟಿಗೆ ಬಂದವು. ಬಸ್ಸಿನ ಮೂತಿಗೂ ಅವಳ ದುಪಟ್ಟಾಕ್ಕೂ ನಡುವೆ ಒಂದು ಮೊಳ ಜಾಗ ಉಳಿದಿತ್ತು.

“ಏ ಹುಡುಗಿ! ಸಾಯಾಕ ನನ್ನ ಗಾಡೀನೇ ಬೇಕಾಗಿತ್ತೇನ? ಇದು ನೆಲೋಗಿಗೆ ನಿಂದ್ರೂ ಬಸ್ಸಲ್ಲ!”

“ಈಗ ನಿಂತದಲ್ರೀ,” ಎಂದು ಭುವನೇಶ್ವರಿ ಹತ್ತಿಯೇಬಿಟ್ಟಳು.

ಕಂಡಕ್ಟರ್ ಇಮಾಮಸಾಬ ಟಿಕೆಟ್ ಯಂತ್ರ ಎತ್ತಿಕೊಳ್ಳುವಷ್ಟರಲ್ಲಿ ಅವಳು ಮೂರನೇ ಸಾಲಿಗೆ ತಲುಪಿದ್ದಳು. ಅಲ್ಲಿ, ಕಿಟಕಿಯ ಪಕ್ಕ, ತೊಡೆಯ ಮೇಲೆ ಬ್ಯಾಗು, ಬ್ಯಾಗಿನ ಮೇಲೆ ಫೋನನ್ನು ಮಗುಚಿಟ್ಟುಕೊಂಡು ಶರಣಕುಮಾರ ಕೂತಿದ್ದ. ಅವಳನ್ನು ಒಮ್ಮೆ ನೋಡಿದ. ಆಮೇಲೆ ಕಿಟಕಿಯ ಹೊರಗೆ ನೋಡಿದ. ಹೊರಗೆ ತೊಗರಿ ಹೊಲ ಬಿಟ್ಟರೆ ಏನೂ ಇರಲಿಲ್ಲ. ಅದು ಅವನ ಸಹಾಯಕ್ಕೆ ಬರುವಂತಿರಲಿಲ್ಲ.

“ಓಟಿಪಿ,” ಅಂದಳು ಅವಳು, ಕೈ ಚಾಚಿ.

“ಕುಂದ್ರು ಮೊದಲ.”

“ಹನ್ನೊಂದು ಸಲ ಫೋನ್ ಹಚ್ಚೇನಿ ಶರಣ್. ಹನ್ನೊಂದು ಸಲ!”

“ನೋಡೇನಿ.”

“ನೋಡೀದಿ...? ನೋಡಿ ಎತ್ತಿಲ್ಲ?”

ಅವನ ಪಕ್ಕದಲ್ಲಿ ಮೆಂತ್ಯ ಸೊಪ್ಪಿನ ಗಂಟಿನೊಂದಿಗೆ ಕೂತಿದ್ದ ಮುದುಕಿ ಗುರಮ್ಮ ಇಬ್ಬರ ಮುಖವನ್ನೂ ಅಳೆದಳು. ಗಂಟು ಎತ್ತಿಕೊಂಡು ಎದುರಿನ ಸೀಟಿಗೆ ಸರಿದಳು.

“ಕುಂತು ಜಗಳಾಡು ಬೇ ತಂಗಿ. ನಿಂತು ಆಡಿದ್ರ ತಿರುವಿನ್ಯಾಗ ನನ್ನ ಮ್ಯಾಲ ಬೀಳ್ತೀದಿ.”

ಭುವನೇಶ್ವರಿ ಕೂತಳು. ಊರಿನಿಂದ ಕ್ರಾಸಿನವರೆಗೆ ಓಡಿ ಬಂದಿದ್ದಳು, ಗಂಟಲು ಒಣಗಿತ್ತು. ಸೀಟಿನ ಬಲೆಯಲ್ಲಿದ್ದ ಅವನ ನೀರಿನ ಬಾಟಲಿಯನ್ನು ಕೇಳದೆ ತೆಗೆದು, ಬಾಯಿ ಹಚ್ಚಿ, ಅರ್ಧ ಖಾಲಿ ಮಾಡಿದಳು. ಅವನು ಅದನ್ನು ನೋಡಿದ.

ಬಸ್ಸಿನ ಮುಂದಿನ ಗಡಿಯಾರದಲ್ಲಿ ಹತ್ತೂ ಹತ್ತು. ಹನ್ನೊಂದಕ್ಕೆ ಪಟ್ಟಿ ಮುಚ್ಚುತ್ತದೆ.

ಪಟ್ಟಿಯೆಂದರೆ ಮೆಡಿಕಲ್ ಕಾಲೇಜುಗಳ ಪಟ್ಟಿ. ಮೂರನೇ ಸಲ ಪರೀಕ್ಷೆ ಬರೆದ ಮೇಲೆ ಭುವನೇಶ್ವರಿಗೆ ಕೊನೆಗೂ ಒಳ್ಳೆಯ ರ‍್ಯಾಂಕ್ ಬಂದಿತ್ತು. ಆ ರ‍್ಯಾಂಕಿಗೆ ಕಲಬುರಗಿಯ ಸರ್ಕಾರಿ ಕಾಲೇಜೂ ಸಿಗುತ್ತಿತ್ತು, ಮೈಸೂರಿನದೂ ಸಿಗುತ್ತಿತ್ತು. ಯಾವುದನ್ನು ಮೇಲೆ ಬರೆಯುತ್ತಾರೋ ಅದೇ ಕೈಗೆ ಬರುತ್ತದೆ. ಮನೆಯಿಂದ ಒಂದೂವರೆ ಗಂಟೆಯ ದಾರಿಯ ಕಲಬುರಗಿಯನ್ನು ಮೇಲೆ ಹಾಕು ಎಂದು ಅವಳೇ ಹೇಳಿದ್ದಳು. ಇಂದು ಬೆಳಿಗ್ಗೆ, ಯಾವ ಸೀಟು ಸಿಗಬಹುದೆಂದು ಮೊದಲೇ ತೋರಿಸುವ ಅಣಕು ಹಂಚಿಕೆಯ ಫಲಿತಾಂಶ ತೆರೆದರೆ ಮೈಸೂರು ಅಂತಿತ್ತು.

ಪಟ್ಟಿ ತುಂಬಿದವನು ಶರಣಕುಮಾರ. ಜೇವರ್ಗಿ ಬಸ್ ನಿಲ್ದಾಣದ ಎದುರಿನ ಆನ್‌ಲೈನ್ ಸೆಂಟರ್ ಅವನದು. ದಿನಾ ಈ ಬಸ್ಸಿಗೇ ಹೋಗಿ ಅದನ್ನು ತೆರೆಯುತ್ತಾನೆ ಎಂದು ಅವಳಿಗೆ ಗೊತ್ತಿತ್ತು. ಫೋನಿಲ್ಲದವರ ಅರ್ಜಿಗೆ ತನ್ನದೇ ನಂಬರ್ ಹಾಕುವುದು ಅವನ ಪದ್ಧತಿ. ಹಾಗಾಗಿ ಅರ್ಧ ತಾಲ್ಲೂಕಿನ ಪಿಂಚಣಿ, ರೇಷನ್, ಬೆಳೆ ವಿಮೆಯ ಓಟಿಪಿಗಳು ಅವನ ಅಂಗಿಯ ಜೇಬಿಗೇ ಬರುತ್ತಿದ್ದವು. ಈ ವರ್ಷ ಅರ್ಜಿ ಹಾಕುವಾಗ ಭುವನೇಶ್ವರಿಯ ಫೋನನ್ನು ಅವಳಪ್ಪ ಬಸವಂತರಾಯ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದರು. ಪರೀಕ್ಷೆ ಮುಗಿಯುವ ತನಕ ಓದು ಒಂದೇ! ಅಲ್ಲಿಗೂ ಅವನ ನಂಬರೇ ಹೋಯಿತು. ಈಗ ಅವಳ ಹಣೆಬರಹ ತೆರೆಯಬೇಕೆಂದರೂ ಅವನ ಫೋನು ಗುಂಯ್‌ಗುಡಬೇಕು.

ಅವಳು ತನ್ನ ಫೋನಿನಲ್ಲಿ ಲಾಗಿನ್ ಒತ್ತಿದಳು. ಬ್ಯಾಗಿನ ಮೇಲಿದ್ದ ಅವನ ಫೋನು ಅಲುಗಿತು.

“ಹೇಳು.”

ಅವನು ಫೋನು ತಿರುಗಿಸಲಿಲ್ಲ. “ಹನ್ನೊಂದರ ತನಕ ಎತ್ತಬಾರದು ಅಂತ ಮಾಡಿದ್ದೆ.”

“ಮೂರು ನಿಮಿಷ ಅಷ್ಟೇ ಇರ್ತದ. ಹೇಳ್ತಿಯೋ, ಕಸಗೊಳ್ಳಲೋ?”

“ಭುವನಾ, ಒಂದು ಮಾತು ಕೇಳು...”

“ಯಾರ ಕಾಲೇಜದು? ಯಾರು ಓದೂದು? ನಿನಗ ಯಾರು ಕೇಳಿದ್ರು?”

ಮುಂದಿನ ಸೀಟಿನವರೆಲ್ಲ ತಿರುಗಿ ನೋಡಿದರು. ಶರಣಕುಮಾರನ ಕಿವಿ ಕೆಂಪಾಯಿತು. ಅವನು ಫೋನು ತಿರುಗಿಸಿ, ಬ್ಯಾಂಕಿನ ಗುಮಾಸ್ತನ ದನಿಯಲ್ಲಿ ಓದಿದ.

“ನಾಕು, ಸೊನ್ನಿ, ಏಳು, ಏಳು, ಎರಡು, ಒಂಬತ್ತು.”

ಅವಳು ಒತ್ತಿದಳು. ಪಟ್ಟಿ ತೆರೆಯಿತು. ಒಂದು: ಮೈಸೂರು. ಎರಡು: ಕಲಬುರಗಿ. ಅವಳ ಬೆರಳು ಎರಡನೆಯದನ್ನು ಹಿಡಿದು ಮೇಲಕ್ಕೆಳೆಯಿತು. ಉಳಿಸಿದಳು. ಹಸಿರು ಗುರುತು ಬಂತು.

ಆಯಿತು. ಬೇಕಾಗಿದ್ದು ಸಿಕ್ಕಿತ್ತು. ಮುಂದಿನ ಸ್ಟಾಪಿನಲ್ಲಿ ಇಳಿಯಬಹುದಿತ್ತು.

ಮುಂದಿನ ಸ್ಟಾಪ್ ಬಂತು, ಹೋಯಿತು. ಅವಳು ಇಳಿಯಲಿಲ್ಲ.

ಏಳ್ನೂರು ಕಿಲೋಮೀಟರ್... ಇಂವಗ ನನ್ನ ಅಷ್ಟು ದೂರ ಕಳಸಬೇಕಾಗಿತ್ತು! ಕಳಿಸಿ ಕೈ ತೊಳಕೊಳ್ಳಾಕ ನೋಡ್ಯಾನ... ಇದನ್ನು ಅವಳು ಬೆಳಿಗ್ಗೆಯಿಂದ ಹತ್ತಾರು ಸಲ ತನ್ನೊಳಗೆ ಹೇಳಿಕೊಂಡಿದ್ದಳು. ಪ್ರತಿ ಸಲವೂ ಅದೇ ಜಾಗದಲ್ಲಿ ನೋಯುತ್ತಿತ್ತು, ಹಲ್ಲಿನ ಹುಳುಕಿಗೆ ನಾಲಗೆ ತಾಗಿದಂತೆ.

ಹಿಂದೆ ಎರಡು ವರ್ಷ ಇಬ್ಬರೂ ಇದೇ ದಾರಿಯ ಬಸ್ಸಿನಲ್ಲಿ ಕಲಬುರಗಿಯ ಕೋಚಿಂಗಿಗೆ ಹೋಗಿದ್ದರು. ಇಬ್ಬರೂ ಎರಡು ಸಲ ಸೋತಿದ್ದರು. ಮೂರನೇ ಸಲಕ್ಕೆ ಅವಳ ಮನೆಯಲ್ಲಿ ಮನಸ್ಸಿತ್ತು, ಅವನ ಮನೆಯಲ್ಲಿ ತ್ರಾಣವಿರಲಿಲ್ಲ. ಅವನು ಪುಸ್ತಕಗಳನ್ನು ಅವಳಿಗೆ ಕೊಟ್ಟು ಸೆಂಟರ್ ತೆರೆದ. ಪ್ರೀತಿ ಎಂಬ ಶಬ್ದವನ್ನು ಇಬ್ಬರಲ್ಲಿ ಒಬ್ಬರೂ ಬಳಸಿರಲಿಲ್ಲ. ಸಸ್ಯಶಾಸ್ತ್ರದ ಶಬ್ದಗಳನ್ನು ಬಹಳ ಬಳಸಿದ್ದರು.

“ಯಾಕ ಮಾಡಿದಿ?” ಈಗ ಅವಳ ದನಿ ಸಣ್ಣದಿತ್ತು.

“ನೀ ಅವತ್ತು ಸೆಂಟರಿಗೆ ಬಂದಾಗ ಬಾಜೂಕ ಯಾರಿದ್ರು?”

“ಅಪ್ಪ.”

“ಅಪ್ಪಾರ ಮುಂದ ಕಲಬುರಗಿ ಅಂದಿ. ಅಪ್ಪಾರ ಮುಂದ ನೀ ಖರೇ ಹೇಳಿದ್ದು ಯಾವಾಗ ಹೇಳು? ಕೋಚಿಂಗ್ ತಪ್ಪಿಸಿ ಗೋಲ್ ಗುಂಬಜ್ ನೋಡಾಕ ಹೋದಾಗ ಹೇಳಿದ್ಯಾ? ಎರಡನೇ ಸಲ ಮಾರ್ಕ್ಸ್ ಬಂದಾಗ ಹೇಳಿದ್ಯಾ? ಅಂಜಿ ಅಂದಾಳ ಅಂತ ತಿಳಕೊಂಡೆ.”

“ಹಾಂಗಾದ್ರ ಆಮ್ಯಾಲ ಒಂದು ಮಾತು ಕೇಳಬಾರದಾ?”

“ಕೇಳಿದ್ರ ಮತ್ತ ಕಲಬುರಗಿ ಅಂತಿದ್ದಿ.”

ಅವನು ಬ್ಯಾಗಿನೊಳಗೆ ಕೈ ಹಾಕಿ ಒಂದು ನೋಟ್‌ಬುಕ್ ತೆಗೆದ. ಅವಳದೇ. ಜೀವಶಾಸ್ತ್ರದ್ದು. ಎರಡು ವರ್ಷದ ಹಿಂದೆ ಒಯ್ದವನು ಮರಳಿಸಿರಲಿಲ್ಲ. ಹಿಂದಿನ ರಟ್ಟಿನ ಒಳಗೆ, ಪೆನ್ನಿನಿಂದ ಮೇಲಿಂದ ಮೇಲೆ ತಿದ್ದಿ ದಪ್ಪ ಮಾಡಿದ ಒಂದೇ ಶಬ್ದ: ಮೈಸೂರು.

ಅವಳಿಗೆ ನೆನಪಾಯಿತು. ಒಂಬತ್ತನೇ ಇಯತ್ತೆಯಲ್ಲಿ ಶಾಲೆಯಿಂದ ಮೈಸೂರಿಗೆ ಹೋದ ಪ್ರವಾಸ. ಉಳಿದವರು ಅರಮನೆಯ ಸಾಲಿನಲ್ಲಿ ನಿಂತಿದ್ದಾಗ ಅವಳು ದಾರಿ ತಪ್ಪಿ ದೊಡ್ಡಾಸ್ಪತ್ರೆಯ ಗೇಟಿನ ಮುಂದೆ ಹೋಗಿದ್ದಳು. ಬಿಳಿ ಕೋಟಿನ ನಾಲ್ಕು ಹುಡುಗಿಯರು ರಸ್ತೆಯ ಅಂಚಿನಲ್ಲಿ ನಿಂತು ಚುರುಮುರಿ ತಿನ್ನುತ್ತಾ ಜೋರಾಗಿ ನಗುತ್ತಿದ್ದರು. ಹಾದುಹೋಗುವವರು ಒಬ್ಬರೂ ತಿರುಗಿ ನೋಡಲಿಲ್ಲ. ಆ ನಗು ಯಾರ ಮನೆಗೂ ಸುದ್ದಿಯಾಗಿ ಹೋಗಲಿಲ್ಲ. ಅವಳಿಗೆ ಬೇಕಾಗಿದ್ದು ಅದು. ಈ ವಿಷಯವನ್ನು ಲೋಕದಲ್ಲಿ ಒಬ್ಬನಿಗೇ ಹೇಳಿದ್ದಳು.

“ಇದನ್ನ ಇನ್ನೂ ಇಟ್ಟೀದಿ...”

“ರದ್ದಿಗೆ ಹಾಕಾಕ ಮನಸ್ಸಾಗಲಿಲ್ಲ. ಡಯಾಗ್ರಾಮ್ ಛಲೋ ಅವ.”

ಎದುರು ಸೀಟಿನಿಂದ ಗುರಮ್ಮ ಕತ್ತು ಚಾಚಿದಳು. “ಯವ್ವಾ, ಯಾವ ಕಾಲೇಜದಾಗ ಮೊಣಕಾಲ್ ನೋವಿಗೆ ಛಲೋ ಔಷಧ ಕಲಸ್ತಾರ, ಅದಕ್ಕ ಹೋಗು. ಉಳದದ್ದು ನನಗ ತಿಳೀವಲ್ದು.”

“ಎರಡೂ ಕಡೆ ಕಲಸ್ತಾರ ಆಯಿ.”

“ಹಾಂಗಾದ್ರ ಇಷ್ಟ್ಯಾಕ ಒದರ್‍ಯಾಡಾಕತ್ತೀರಿ?”

ಶರಣಕುಮಾರ ನೋಟ್‌ಬುಕ್ ಮುಚ್ಚಿದ.

“ನಾ ಅಪ್ಪಗ ಅಂಜಿ ಕಲಬುರಗಿ ಅಂದಿಲ್ಲ,” ಎಂದಳು ಭುವನೇಶ್ವರಿ, ಮುಂದಿನ ಸೀಟಿನ ಕಬ್ಬಿಣದ ಕಂಬಿಯನ್ನು ನೋಡುತ್ತಾ.

“ಮತ್ತ?”

ಬಸ್ಸು ಒಂದು ಗುಂಡಿ ಹಾರಿತು. ಎಲ್ಲರೂ ಎದ್ದು ಕೂತರು.

“ಮತ್ತ ಯಾಕಂದಿ ಭುವನಾ?”

“ಕಲಬುರಗಿ ಬಸ್ಸು ಜೇವರ್ಗಿ ಮ್ಯಾಲ ಹಾದು ಹೋಗ್ತದ,” ಅಂದಳು. “ದಿನಾ ಹತ್ತು ನಿಮಿಷ ನಿಲ್ದಾಣದಾಗ ನಿಂದ್ರತದ. ನಿನ್ನ ಸೆಂಟರ್ ಎದುರಿಗೆ.”

ಅವನು ಇದನ್ನು ಅರ್ಥ ಮಾಡಿಕೊಳ್ಳಲು ತೆಗೆದುಕೊಂಡ ಸಮಯದಲ್ಲಿ ಇಮಾಮಸಾಬ ಹಿಂದಿನ ಸೀಟಿನ ಇಬ್ಬರಿಗೆ ಟಿಕೆಟ್ ಕೊಟ್ಟು ಚಿಲ್ಲರೆ ಎಣಿಸಿ ಬಂದ.

“ನನ್ನ ಸಲವಾಗಿ?” ಅವನ ಬಾಯಿಂದ ಹೊರಟಿದ್ದು ಪ್ರಶ್ನೆಗಿಂತ ಗಾಬರಿ. “ನಾ... ನಾ ಆ ಲೆಕ್ಕದಾಗ ಇದ್ದೇನಿ ಅಂತ ನನಗ ಹೊಳೀಲೇ ಇಲ್ಲ. ನಿಮ್ಮ ಅಪ್ಪಾರು ನನ್ನ ಸೆಂಟರಿಗೆ ಹತ್ತು ಸಲ ಬಂದಾರ. ಒಂದು ಸಲಾನೂ ನಮ್ಮ ಕಡೆ ನೀರು ಕುಡದಿಲ್ಲ. ಹಾಂಗಿದ್ದಾಗ...”

ಅವನ ಕಣ್ಣು ಬಲೆಯಲ್ಲಿದ್ದ ಅರ್ಧ ಖಾಲಿ ಬಾಟಲಿಗೆ ಹೋಯಿತು.

“ಅಪ್ಪ ಕುಡೀಲಿಲ್ಲ,” ಅಂದಳು ಅವಳು. “ನಾ ಕುಡದೆ.”

ಜೇವರ್ಗಿ ಬಂತು. ಹತ್ತೂ ನಲವತ್ತೆರಡು. ಜನ ಇಳಿದರು, ಜನ ಹತ್ತಿದರು. ಶೇಂಗಾ ಮಾರುವವರು ಕಿಟಕಿಗೆ ಕೈ ಚಾಚಿದರು. ಎದುರಿಗೆ ಮುಚ್ಚಿದ ಸೆಂಟರ್, ಅದರ ನೀಲಿ ಬೋರ್ಡು, ಬಾಗಿಲ ಮುಂದೆ ಕಾಗದ ಹಿಡಿದು ಕಾಯುತ್ತಿರುವ ಏಳೆಂಟು ಜನ. ಅವನು ಏಳಲಿಲ್ಲ.

“ಇಳಿಯೂದಿಲ್ಲೇನೋ ಮಾರಾಯ?” ಇಮಾಮಸಾಬ ಕೇಳಿದ. “ಅರ್ಧ ತಾಲ್ಲೂಕು ನಿನ್ನ ಹಾದಿ ಕಾಯಾಕತ್ತದ.”

“ಐದು ನಿಮಿಷ ಕಾಕಾ.”

ಭುವನೇಶ್ವರಿ ಯೋಚಿಸುತ್ತಿದ್ದಳು. ಇವನು ಮಾಡಿದ್ದು ತಪ್ಪು. ಅದರಲ್ಲಿ ಎರಡು ಮಾತಿಲ್ಲ. ಆದರೆ ತಾನು ಮಾಡಿದ್ದು? ನಾಲ್ಕು ಹುಡುಗಿಯರ ನಗುವನ್ನು ದಿನಕ್ಕೆ ಹತ್ತು ನಿಮಿಷಕ್ಕೆ ಮಾರಿದ್ದು? ಐದೂವರೆ ವರ್ಷದ ಓದು ಮುಗಿದ ಮೇಲೆ ಒಂದು ದಿನ, ಯಾವುದೋ ಸಣ್ಣ ಜಗಳದಲ್ಲಿ, ನಿನ್ನ ಸಲವಾಗಿ ಬಿಟ್ಟೆ ಅಂತ ಇವನ ಮುಖಕ್ಕೆ ಎಸೆಯುವುದಿಲ್ಲ ಎಂದು ಏನು ಖಾತ್ರಿ? ಎಸೆಯುತ್ತಾಳೆ. ಅವಳು ತನ್ನನ್ನು ಬಲ್ಲಳು.

ಮತ್ತೆ ಲಾಗಿನ್ ಒತ್ತಿದಳು. ಅವನ ಫೋನು ಅಲುಗಿತು.

“ಹೇಳು.”

“ಮತ್ಯಾಕ? ಆಗ್ಯದಲ್ಲ?”

“ಹೇಳು ಲೇ.”

“ಒಂದು, ಒಂದು, ಐದು, ಸೊನ್ನಿ, ಎಂಟು, ಮೂರು.”

ಪಟ್ಟಿ ತೆರೆಯಿತು. ಅವಳ ಬೆರಳು ಮೈಸೂರನ್ನು ಹಿಡಿದು, ನಿಧಾನಕ್ಕೆ, ಮೇಲಕ್ಕೆ ತಂದು ಬಿಟ್ಟಿತು. ಉಳಿಸಿದಳು. ಪರದೆಯನ್ನು ಅವನ ಮುಖದ ಮುಂದೆ ಹಿಡಿದಳು.

“ನೋಡು. ಇದು ನೀ ಹಾಕಿದ್ದಲ್ಲ. ನಾ ಹಾಕಿದ್ದು.”

“ಅದೇ ಪಟ್ಟಿ ಅಲ್ಲೇನು?”

“ಅಲ್ಲ. ಇನ್ನೊಮ್ಮೆ ನನಗ ಕೇಳದ ಏನರೆ ಮಾಡಿದಿ ಅಂದ್ರ, ಮೊದಲ ಕೊಯ್ಯೂ ಹೆಣ ನಿಂದೇ ಆಗ್ತದ.”

ಅವನು ನಕ್ಕ. ನಗು ಅರ್ಧಕ್ಕೆ ಒಡೆದು ಬೇರೆ ಏನೋ ಆಯಿತು. ಮುಖ ತಿರುಗಿಸಿ ಶೇಂಗಾದವರನ್ನು ನೋಡಿದ.

“ತಪ್ಪಾಯ್ತು,” ಅಂದ ಅತ್ತ ಕಡೆಯೇ ನೋಡುತ್ತಾ. “ಕೇಳಬೇಕಾಗಿತ್ತು.”

“ಹೌದು.”

“ಅಪ್ಪಾರಿಗೆ ಏನು ಹೇಳ್ತಿ?”

“ಖರೇ ಹೇಳ್ತೇನಿ. ಒಂದ್ಸಲ ಹೇಳಿ ನೋಡ್ತೇನಿ.”

“ಎಲ್ಲಾನೂ?”

“ಇವತ್ತು ಮೈಸೂರಿಂದು. ಉಳದದ್ದು ಕೋಟು ಹಾಕ್ಕೊಂಡ ಮ್ಯಾಲ.”

ಹತ್ತೂ ಐವತ್ತು. ಡ್ರೈವರ್ ಚಹಾ ಮುಗಿಸಿ ಬಂದು ಸೀಟೇರಿದ. ಶರಣಕುಮಾರ ಬ್ಯಾಗು ಹೆಗಲಿಗೆ ಹಾಕಿಕೊಂಡ. ಎದ್ದವನು ಮತ್ತೆ ಕೂತ. ಮಾಡಿದ ತಪ್ಪಿಗೆ ಏನಾದರೂ ತೆತ್ತೇ ಇಳಿಯಬೇಕೆಂದು ಅವನಿಗೆ ಅನ್ನಿಸಿರಬೇಕು.

“ಒಂದು ಕೆಲಸ ಮಾಡೂಣು. ಆ ನಂಬರ್... ನಂದು ಇರೂದು ಸರಿ ಅಲ್ಲ. ಅದು ಇದ್ದದ್ದಕ್ಕ ಇಷ್ಟೆಲ್ಲ ಆಯ್ತು. ಒಂದು ಅರ್ಜಿ ಕೊಟ್ರ ನಿನ್ನ ನಂಬರ್ ಆಗ್ತದ. ಈಗ ಸೆಂಟರ್ ತಗದು ಮಾಡಿಕೊಡ್ತೇನಿ.”

ಅವಳು ಅವನನ್ನೇ ನೋಡಿದಳು.

“ಮುಂದ ಎಷ್ಟು ಓಟಿಪಿ ಬರ್ತಾವ?” ಕೇಳಿದಳು.

“ಭಾಳ ಬರ್ತಾವ. ಸೀಟಿಂದು, ಫೀಸಿಂದು, ಹಾಸ್ಟೆಲ್, ಸ್ಕಾಲರ್‌ಶಿಪ್, ಪರೀಕ್ಷಾ ಫಾರ್ಮ್... ವರ್ಷಾ ವರ್ಷಾ ಬರ್ತಾವ. ಪ್ರತಿ ಸಲ ಅಲ್ಲಿಂದ ನನಗ ಫೋನ್ ಹಚ್ಚಬೇಕಾಗ್ತದ. ನಾ ಎತ್ತಬೇಕು, ನೀ ಬರಕೋಬೇಕು. ಮೂರು ನಿಮಿಷದಾಗ. ಐದೂವರೆ ವರ್ಷ! ಅದಕ್ಕ ಹೇಳಾಕತ್ತೇನಿ, ಬದಲಿ ಮಾಡೂಣು.”

“ಒಲ್ಲೆ.”

“ಹತ್ತು ನಿಮಿಷದ ಕೆಲಸ ಭುವನಾ.”

“ಒಲ್ಲೆ ಅಂದೆನಲ್ಲ.”