ಹೋಗಲಾ, ಇರಲಾ?

ಅಳುವುದಕ್ಕೆಂದು ಅವಳು ಕ್ಲಿನಿಕ್ಕಿನ ಬಟ್ಟೆ ಕೋಣೆಯ ಬಾಗಿಲು ತಳ್ಳಿದರೆ, ಒಳಗೆ ಆಗಲೇ ಒಬ್ಬ ಕೂತಿದ್ದ.

ಮಡಿಸಿಟ್ಟ ಬೆಡ್‌ಶೀಟುಗಳ ರಾಶಿಗೆ ಬೆನ್ನು ಕೊಟ್ಟು, ಮುಂಗೈ ಮೇಲಿನ ಹಲ್ಲಿನ ಗುರುತಿಗೆ ತಾನೇ ಔಷಧಿ ಹಚ್ಚಿಕೊಳ್ಳುತ್ತಿದ್ದ. ವಾರ್ಡಿನ ನರ್ಸ್ ಅವನು. ಪೇಶೆಂಟ್ ಒಬ್ಬರು ಕಚ್ಚಿದ್ದರು.

"ಅಳೋಕೆ ಬಂದ್ರಾ?" ಎಂದ ತಲೆ ಎತ್ತದೆ. "ಆ ಮೂಲೆ ಖಾಲಿ ಇದೆ. ನಾನು ಆ ಕಡೆ ತಿರುಗಿ ಕೂತ್ಕೋತೀನಿ."

ಅವಳಿಗೆ ಮೈಯೆಲ್ಲ ಉರಿಯಿತು. ಮನೋರೋಗಿಗಳ ಆ ಕ್ಲಿನಿಕ್ಕಿಗೆ ಕೌನ್ಸೆಲರ್ ಆಗಿ ಸೇರಿ ಇನ್ನೂ ವಾರ ತುಂಬಿರಲಿಲ್ಲ. ಬೆಳಗಿನಿಂದ ಕೇಳಿದ ದುಃಖವೆಲ್ಲ ಎದೆಯಲ್ಲಿ ಕಟ್ಟಿಕೊಂಡಿತ್ತು. ಆದರೆ ಅವನು ನಿಜವಾಗಿಯೂ ಗೋಡೆಯ ಕಡೆ ತಿರುಗಿ ಕೂತ. ಅವಳು ಮೂಲೆಯಲ್ಲಿ ಕೂತು ಮನಸಾರೆ ಅತ್ತಳು. ಅವನು ಒಂದು ಮಾತೂ ಕೇಳಲಿಲ್ಲ.

ಪ್ರೀತಿ ಹುಟ್ಟಿದ್ದು ಅಲ್ಲೇ, ಫಿನಾಯಿಲ್ ವಾಸನೆಯ ನಡುವೆ. ಹುಟ್ಟುವ ಜಾಗವನ್ನು ಅದು ಯಾವತ್ತು ನೋಡಿದೆ ಹೇಳಿ?

ಗಂಡು ನರ್ಸಾದ್ದರಿಂದ ಇಡೀ ಕ್ಲಿನಿಕ್ಕು ಅವನನ್ನು 'ಬ್ರದರ್' ಎನ್ನುತ್ತಿತ್ತು. ಅವಳ ನಾಲಿಗೆ ಮಾತ್ರ ಆ ಪದಕ್ಕೆ ಹೊರಳಲಿಲ್ಲ. "ರೀ, ಸ್ವಲ್ಪ ಬನ್ನಿ," ಎಂದೇ ಕರೆಯುತ್ತಿದ್ದಳು.

ಹಿರಿಯ ಸಿಸ್ಟರ್ ಕನ್ನಡಕದ ಮೇಲಿಂದ ನೋಡಿ, "ರೀ ಅಂತೆ ರೀ. ಹಾಗೇ ಊಟ ಬಡಿಸ್ಲಾ ಅಂತ್ಲೂ ಕೇಳಮ್ಮ," ಎಂದು ಕಾಲೆಳೆಯುತ್ತಿದ್ದರು.

ಅವನು ನಗುತ್ತಿದ್ದ. ಅವಳು ನಾಚಿ ನೀರಾಗುತ್ತಿದ್ದಳು. ಬಾಯಿಬಿಟ್ಟು ಹೇಳಲು ಮಾತ್ರ ಇಬ್ಬರಿಗೂ ಪುರುಸೊತ್ತು ಸಿಗಲಿಲ್ಲ.

ಎಲ್ಲಿಂದ ಸಿಗಬೇಕು? ಕಾರಿಡಾರಿನ ಬೆಂಚು ಎಂದೂ ಖಾಲಿಯಾಗುತ್ತಿರಲಿಲ್ಲ. ಒಬ್ಬರ ಸಂಕಟ ಇನ್ನೂ ಕಿವಿಯಲ್ಲಿರುವಾಗಲೇ ಇನ್ನೊಬ್ಬರು ಎದುರಿನ ಕುರ್ಚಿಯಲ್ಲಿರುತ್ತಿದ್ದರು. ಮನೆಗೆ ಹೋದರೆ ಅಮ್ಮ, "ಊರವರ ಮಾತೆಲ್ಲ ಕೇಳ್ತೀಯ, ನಾನು ಬಾಯಿ ತೆಗೆದ್ರೆ ಬರೀ ಹೂಂ ಅಂತೀಯಲ್ಲೇ," ಎನ್ನುತ್ತಿದ್ದರು. ಅದಕ್ಕೂ ಅವಳು ಹೂಂ ಎನ್ನುತ್ತಿದ್ದಳು.

ಅವನದೂ ಅದೇ ಪಾಡು. ಮೊದಮೊದಲು ಒಬ್ಬರು ನಗುತ್ತಾ ಮನೆಗೆ ಹೋದರೆ ವಾರವೆಲ್ಲ ಅವನಿಗೆ ಅದೇ ಸಾಕಾಗುತ್ತಿತ್ತು. ಈಗೀಗ ಅದೂ ಸಾಲುತ್ತಿರಲಿಲ್ಲ.

ಆಗಲೇ ಮೇಷ್ಟ್ರ ಸುದ್ದಿ ಬಂತು.

ನಿವೃತ್ತ ಮೇಷ್ಟ್ರು. ವಾರ್ಡಿನಲ್ಲಿದ್ದಷ್ಟು ದಿನ ಅವನೇ ಗಡ್ಡ ತೆಗೆದು, ಗದರಿಸಿ, ಪುಸಲಾಯಿಸಿ ಊಟ ಮಾಡಿಸಿದ್ದ. ದಿನವೂ ಅವರ ಮಾತು ಕೇಳಿದವಳು ಅವಳು. ಹಾಸಿಗೆ ಬೇರೆಯವರಿಗೆ ಬೇಕಾಯಿತೆಂದು ಅವರನ್ನು ಬೇಗ ಕಳಿಸಿದ್ದರು. ಮನೆಗೆ ಹೋದವರು ತಾವೇ ಜೀವ ತೆಗೆದುಕೊಂಡಿದ್ದರು.

ಸುದ್ದಿ ಕೇಳಿದ ಮೇಲೂ ಅವನು ಮಾತ್ರೆಯ ಟ್ರಾಲಿ ತಳ್ಳಿಕೊಂಡು ಎಲ್ಲ ಹಾಸಿಗೆಗಳ ಬಳಿ ಹೋಗಿ ಬಂದ. ಆಮೇಲೆ ಅವಳ ಕೋಣೆಗೆ ಬಂದು, ಪೇಶೆಂಟುಗಳು ಕೂರುವ ಕುರ್ಚಿಯಲ್ಲಿ ಕೂತ.

"ನನ್ನ ಕೈಲಿ ಆಗ್ತಿಲ್ಲ ರೀ. ಬೆಳಿಗ್ಗೆ ಗೇಟು ಕಂಡ್ರೆ ವಾಪಸ್ ಹೋಗೋಣ ಅನ್ಸುತ್ತೆ. ನಮ್ಮ ಭಾವಂದು ಊರಲ್ಲಿ ಔಷಧಿ ಅಂಗಡಿ ಇದೆ, ಬಾ ಅಂತಿದ್ದಾರೆ. ಹೋಗಲಾ, ಇರಲಾ? ನೀವು ಹೇಳಿ."

ಹೋಗಬೇಡಿ... ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂತು. ಆದರೆ ಆ ಕುರ್ಚಿಯಲ್ಲಿ ಕೂತವರಿಗೆ ಹೀಗೆ ಮಾಡಿ ಎಂದು ಹೇಳಬಾರದು, ನಿರ್ಧಾರ ಅವರದೇ ಆಗಿರಬೇಕು. ಅವಳು ಕಲಿತ ಮೊದಲ ಪಾಠವೇ ಅದು. ದಿನವಿಡೀ ಆಡಿ ಆಡಿ ಸವೆದ ಮಾತು ತಾನಾಗಿ ಹೊರಬಂತು.

"ತುಂಬಾ ಸುಸ್ತಾಗಿದೀರಿ ಅಂತ ಅರ್ಥ ಆಗ್ತಿದೆ. ನಿಮಗೆ ಏನು ಸರಿ ಅನ್ನಿಸ್ತಿದೆ?"

ಅದೇ ಮೆತ್ತಗಿನ ದನಿ. ಎಲ್ಲರಿಗೂ ಕೊಡುವ ದನಿ.

ಅವನು ಕುರ್ಚಿಯನ್ನು ಹಿಂದಕ್ಕೆ ಸರಿಸಿದ. "ಥ್ಯಾಂಕ್ಸ್ ಮೇಡಂ," ಎಂದು ಎದ್ದು ಹೋದ. ಎಂದೂ ಅವಳನ್ನು ಮೇಡಂ ಎಂದವನಲ್ಲ.

ಹಿಂದೆಯೇ ಓಡಬೇಕಿತ್ತು. ಅಷ್ಟರಲ್ಲಿ ಮುಂದಿನ ಪೇಶೆಂಟ್ ಒಳಗೆ ಬಂದಿದ್ದರು. ಅವಳು "ಕೂತ್ಕೊಳ್ಳಿ," ಎಂದಳು.

ತಿಂಗಳ ಕೊನೆಗೆ ಅವನು ಹೋಗುತ್ತಾನೆಂದು ಹಿರಿಯ ಸಿಸ್ಟರೇ ಹೇಳಿದರು. ಅವನು ಅವಳ ಕಣ್ತಪ್ಪಿಸಿ ಓಡಾಡತೊಡಗಿದ.

ನಾನು ಯಾವ ಬಾಯಲ್ಲಿ 'ಇರಿ' ಅನ್ನಲಿ... ಎಂದು ಅವಳು ಒಳಗೊಳಗೇ ಕುಸಿದಳು.

ಕೊನೆಯ ದಿನ ಅವನು ಬ್ಯಾಗು ಹೆಗಲಿಗೇರಿಸಿ ಗೇಟು ದಾಟಿದ್ದು ಕಿಟಕಿಯಿಂದ ಕಂಡಿತು. ಬೆಂಚಿನ ತುಂಬ ಜನ ಕಾಯುತ್ತಿದ್ದರು. ಮೊದಲ ಸಲ ಅವಳು ಅವರನ್ನು ಹಾಗೇ ಬಿಟ್ಟು ಹೊರಗೆ ಓಡಿದಳು.

ಬಸ್ ಸ್ಟಾಪಿನಲ್ಲಿ ಅವನೊಬ್ಬನೇ ನಿಂತಿದ್ದ.

"ಮೇಷ್ಟ್ರನ್ನ ಕಳಿಸಬಹುದಾ ಅಂತ ಡಾಕ್ಟ್ರು ನನ್ನ ಕೇಳಿದ್ರು. ಕಳಿಸಿ ಅಂದೆ," ಎಂದಳು ಏದುಸಿರಿನಲ್ಲಿ. "ನೀವು ಹೋಗಲಾ ಅಂದಾಗ ಭಯ ಆಯ್ತು. ನಾನು ಹೇಳಿದ್ದು ಇನ್ನೊಂದ್ಸಲ ತಪ್ಪಾದ್ರೆ?"

ಅವನು ಅವಳ ಹತ್ತಿರ ಬಂದ. "ನನ್ನೂ ಕೇಳಿದ್ರು. ಚೆನ್ನಾಗಿದ್ದಾರೆ ಅಂದೆ."

ಇಬ್ಬರೂ ಅಲ್ಲೇ ರಸ್ತೆಯ ಪಕ್ಕ, ಹೋಗಿಬರುವ ಜನ ನೋಡುತ್ತಿದ್ದರೂ ಅತ್ತರು.

"ಹೋಗಿ ರೀ," ಎಂದಳು ಕೊನೆಗೆ. "ಇಲ್ಲಿದ್ರೆ ನೀವು ಉಳಿಯಲ್ಲ. ಕೆಲಸ ಬಿಟ್ಟು ಹೋಗಿ. ನನ್ನ ಬಿಟ್ಟು ಹೋಗಬೇಡಿ. ನಂಗೆ ನೀವು ಬೇಕು."

"ನೀವೂ ಬಂದ್ಬಿಡಿ."

"ಜನ ಕಾಯ್ತಿದ್ದಾರೆ."

ಅವನು ಅವಳ ಕೈ ಹಿಡಿದುಕೊಂಡ. ಬಸ್ಸು ಬಂದು ನಿಂತಿತು. ಹತ್ತಿ, ಬಾಗಿಲಲ್ಲೇ ನಿಂತು ತಿರುಗಿದ.

"ದಿನಾ ಸಂಜೆ ಫೋನ್ ಮಾಡ್ತೀನಿ."

"ಮಾತಾಡೋಕೂ ಶಕ್ತಿ ಇರಲ್ಲ ರೀ ನಂಗೆ."

"ಮಾತಾಡ್ಬೇಡಿ. ನಾನೂ ಸುಮ್ನಿರ್ತೀನಿ. ಫೋನ್ ಮಾತ್ರ ಇಡಲ್ಲ."