ಗರಿಹುಳಕ್ಕೆ ಬಿದ್ದ ಅರಸ

ಬಹಳ ಬಹಳ ಹಿಂದೆ, ಬೆಟ್ಟದ ಬಂಡೆಗಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಮಡುವೂರು ಎಂಬ ಒಂದು ರಾಜ್ಯವಿತ್ತು. ಆ ರಾಜ್ಯದ ನಡುವೆ ಬೆಳ್ಳಿಹೊಳೆ ಹರಿಯುತ್ತಿತ್ತು. ಹೊಳೆಯ ದಡದಲ್ಲಿ ಅರಮನೆ. ಅರಮನೆಯಲ್ಲಿ ಮಾರಭೂಪನೆಂಬ ಅರಸ.

ಬೇರೆ ಅರಸರು ಕತ್ತಿ ಬೀಸಿ ಹೆಸರು ಮಾಡಿದರೆ ಮಾರಭೂಪ ಹೆಸರು ಮಾಡಿದ್ದು ಗಾಳದ ಕೋಲು ಬೀಸಿ. ಅವನು ಗಾಳಕ್ಕೆ ಎರೆಹುಳ ಚುಚ್ಚುತ್ತಿರಲಿಲ್ಲ, ಹಿಟ್ಟಿನುಂಡೆ ಮೆತ್ತುತ್ತಿರಲಿಲ್ಲ. ಹಕ್ಕಿಯ ಗರಿಯನ್ನು ರೇಷ್ಮೆ ಎಳೆಯಿಂದ ಗಾಳಕ್ಕೆ ಸುತ್ತಿ, ನೀರ ಮೇಲೆ ಹಾರಾಡುವ ಹುಳುವಿನಂತೆಯೇ ಮಾಡುತ್ತಿದ್ದ. ಅದಕ್ಕೆ ಗರಿಹುಳವೆಂದು ಹೆಸರು. ಗರಿಹುಳಕ್ಕೆ ತೂಕವಿಲ್ಲ, ಕಲ್ಲೆಸೆದಂತೆ ಎಸೆದರೆ ಮಾರುದೂರವೂ ಹೋಗದು. ಎಣ್ಣೆಯುಣಿಸಿದ ರೇಷ್ಮೆ ಹುರಿಯನ್ನು ಬಿದಿರುಕೋಲಿನಿಂದ ಹಿಂದಕ್ಕೆ ಬೀಸಬೇಕು. ಅದು ಬೆನ್ನ ಹಿಂದೆ ನೆಟ್ಟಗೆ ಚಾಚಿಕೊಳ್ಳುವ ತನಕ ತಾಳಬೇಕು. ಆಮೇಲೆ ಮುಂದಕ್ಕೆ ಬೀಸಬೇಕು. ಆಗ ಹುರಿ ಗಾಳಿಯಲ್ಲಿ ಸುರುಳಿ ಬಿಚ್ಚುತ್ತ ಹೋಗಿ, ಗರಿಹುಳವನ್ನು ನೀರ ಮೇಲೆ ಇಳಿಸಿ ಬರುತ್ತದೆ.

ಅರಸನಿಗೆ ಒಬ್ಬಳೇ ಮಗಳು, ನೀಲಾಜಿ. ಅವಳಿಗೆ ಈ ವಿದ್ಯೆ ಕಲಿಸಿದವನು ಅವನೇ. "ಆತುರ ಪಡಬೇಡ ಮಗಳೇ, ಹಿಂದಿನ ಬೀಸು ಮುಗಿಯಲಿ. ಮಣಿಕಟ್ಟು ಬಳುಕಿಸಬೇಡ" ಎಂದು ಗದರಿಸಿ ಗದರಿಸಿ ಕಲಿಸಿದ್ದ. ಅಪ್ಪನ ಕೈ ಬಿಟ್ಟರೆ ಈ ನಾಡಿನಲ್ಲಿ ತನ್ನ ಕೈಯೇ ಕೈ ಎಂದು ನೀಲಾಜಿಗೆ ಗೊತ್ತಿತ್ತು. ಅದನ್ನು ಅವಳು ಯಾರಲ್ಲೂ ಮುಚ್ಚಿಡುತ್ತಿರಲಿಲ್ಲ.

ಹೀಗಿರಲು ಒಂದು ಬೆಳಗ್ಗೆ ಬೂದಿಗಣ್ಣನೆಂಬ ಮಾಂತ್ರಿಕ ಓಲಗಕ್ಕೆ ಬಂದ.

"ಅರಸ, ನಿನ್ನ ಹೊಳೆ ನನಗೆ ಬೇಕು. ಈ ಕಮಂಡಲಕ್ಕೆ ತುಂಬಿಸಿ ಕೊಡು" ಎಂದ.

"ಹೊಳೆ ನನ್ನದಲ್ಲ, ಅದರ ನೀರು ಕುಡಿಯುವವರದು. ಬಂದ ದಾರಿ ಹಿಡಿ" ಎಂದ ಮಾರಭೂಪ.

ಬೂದಿಗಣ್ಣ ಒಂದು ಹಿಡಿ ಬೂದಿ ಎರಚಿದ. ಅರಸ ಸಿಂಹಾಸನದ ಮೇಲೆಯೇ ಹೊನ್ನಿನ ಬಣ್ಣದ ದೊಡ್ಡ ಮೀನಾದ. ಮೀನು ಪಟಪಟ ಒದ್ದಾಡಿ, ಮೆಟ್ಟಿಲ ಮೇಲಿಂದ ಉರುಳಿ, ಹೊಳೆಗೆ ಬಿದ್ದು ಮರೆಯಾಯಿತು.

"ಹುಣ್ಣಿಮೆಯ ದಿನ ನಾನೇ ಬಲೆ ಬೀಸಿ ಅದನ್ನು ಹಿಡಿದು ತಿನ್ನುತ್ತೇನೆ. ಆಗ ಹೊಳೆಯೆಲ್ಲ ನನ್ನ ಹೊಟ್ಟೆಯೊಳಗೆ!" ಎಂದು ಮಾಂತ್ರಿಕ ನಕ್ಕ.

ರಾಣಿ ಲಿಂಗಾಜಮ್ಮಣ್ಣಿ ಎದ್ದು ನಿಂತಳು. ಅತ್ತು ಕೂರುವ ಹೆಂಗಸಲ್ಲ ಅವಳು. "ಬಿಡುಗಡೆ ಇಲ್ಲದ ಮಾಟವಿಲ್ಲ. ಕೇಳಿದವರಿಗೆ ಅದನ್ನು ಹೇಳದಿದ್ದರೆ ಮಾಟವೇ ಉಳಿಯದು. ಕೇಳುತ್ತಿದ್ದೇನೆ, ಹೇಳು" ಎಂದಳು.

"ಹೇಳುತ್ತೇನೆ, ಕೇಳಿಕೋ. ಗರಿಹುಳ ತೋರಿಸಿ, ಒಂದು ಹನಿ ರಕ್ತವೂ ಬೀಳದಂತೆ ಯಾರಾದರೂ ಆ ಮೀನನ್ನು ದಡಕ್ಕೆ ತಂದರೆ ನಿನ್ನ ಗಂಡ ಮನುಷ್ಯನಾಗುತ್ತಾನೆ. ಆದರೆ ಅವನು ತಾನು ಅರಸನೆಂಬುದನ್ನು ಮರೆತಿದ್ದಾನೆ. ಗರಿಹುಳದ ಮೋಸಗಳಲ್ಲಿ ಮಾತ್ರ ಒಂದನ್ನೂ ಮರೆತಿಲ್ಲ. ಅಂಥ ಮೀನು ಯಾರ ಗಾಳಕ್ಕೆ ಬಿದ್ದೀತು?"

"ನನ್ನ ಗಾಳಕ್ಕೆ" ಎಂದಳು ನೀಲಾಜಿ.

ಗಾಳದ ಮೊನೆ ತಾಗಿದರೆ ರಕ್ತ ಬರುತ್ತದಲ್ಲ, ಏನು ಮಾಡುವುದು? ರಾಣಿ ತನ್ನ ಮೂಗಿನ ನತ್ತು ಬಿಚ್ಚಿ ಕೊಟ್ಟಳು. ನೀಲಾಜಿ ಅದರ ಚಿನ್ನದ ತಂತಿಯನ್ನು ಕೊಕ್ಕೆಯಂತೆ ಬಾಗಿಸಿ, ತುದಿಯನ್ನು ಉಜ್ಜಿ ಮೊಂಡು ಮಾಡಿದಳು. ಅಂಥ ಕೊಕ್ಕೆ ಚುಚ್ಚುವುದಿಲ್ಲ, ತುಟಿಯನ್ನು ತಬ್ಬಿ ಹಿಡಿಯುತ್ತದೆ ಅಷ್ಟೆ. ಹುರಿ ಒಂದು ಗಳಿಗೆ ಸಡಿಲವಾದರೂ ಜಾರಿಬೀಳುತ್ತದೆ. ಜೋರಾಗಿ ಎಳೆದರೆ ತುಟಿ ಹರಿಯುತ್ತದೆ. ತಾಯಿ ಮಗಳು ಇಬ್ಬರೂ ಹೊಳೆಯ ಗುಂಟ ಹೊರಟರು.

ಮೊದಲನೆಯ ಮಡುವಿನಲ್ಲಿ ಮೀನು ಕಂಡಿತು. ನೀಲಾಜಿ ಅಪ್ಪ ಕಟ್ಟುತ್ತಿದ್ದಂಥ ನವಿಲುಗರಿಯ ಹುಳವನ್ನೇ ನತ್ತಿನ ಕೊಕ್ಕೆಗೆ ಸುತ್ತಿ, ಹುರಿಗೆ ಕಟ್ಟಿ ನಿಂತಳೋ ಇಲ್ಲವೋ, ಬೂದಿಗಣ್ಣನ ಮಾಟದಿಂದ ಅವಳ ಬೆನ್ನಿಗೆ ಮುಳ್ಳಿನ ಗೋಡೆ ಎದ್ದಿತು. ಹುರಿ ಹಿಂದಕ್ಕೆ ಬೀಸಿದರೆ ಮುಳ್ಳಿಗೆ ಸಿಕ್ಕಿಕೊಳ್ಳುತ್ತದೆ.

"ಹಿಂದೆ ಗೇಣು ಜಾಗವಿಲ್ಲವಲ್ಲೇ!" ಎಂದಳು ರಾಣಿ.

"ಹಿಂದಿನ ಜಾಗ ಬೇಡ ಅವ್ವ, ಮುಂದೆ ನೀರಿದೆಯಲ್ಲ" ಎಂದಳು ನೀಲಾಜಿ. ಹುರಿಯನ್ನು ಮುಂದಿನ ನೀರಿಗೆ ಬಿಟ್ಟು, ನೀರ ಮೇಲೆಯೇ ಮೆಲ್ಲಗೆ ತನ್ನತ್ತ ಎಳೆದುಕೊಂಡಳು. ಕೋಲನ್ನು ಕಿವಿಯ ಪಕ್ಕಕ್ಕೆ ಎತ್ತಿ, ಒಮ್ಮೆಗೇ ಮುಂದಕ್ಕೆ ಬಡಿದಳು. ಹುರಿ ಚಕ್ರದಂತೆ ಉರುಳುತ್ತ ಮಡುವಿನಾಚೆಗೆ ಹೋಯಿತು. ಗರಿಹುಳ ಮೀನಿನ ಮೂಗಿನ ಮುಂದೆಯೇ ಬಿತ್ತು. ಮೀನು ಬಂತು, ನೋಡಿತು, ಬಾಲದಿಂದ ಅದನ್ನು ಅತ್ತ ತಳ್ಳಿ ಹೊರಟುಹೋಯಿತು.

ಎರಡನೆಯ ಮಡುವಿನ ಆಚೆ ದಡದಲ್ಲಿ ಬೂದಿಗಣ್ಣನ ಗಾಳಿಗೂಳಿ ನಿಂತಿತ್ತು. ಅದು ಉಸಿರು ಬಿಟ್ಟರೆ ಬಿರುಗಾಳಿ. ನೀಲಾಜಿ ಬೀಸಿದ ಹುರಿಯೆಲ್ಲ ತಿರುಗಿ ಅವಳ ಮುಖಕ್ಕೇ ಸುತ್ತಿಕೊಂಡಿತು. ಗೂಳಿ ಗುಟುರು ಹಾಕಿ ಹಿಗ್ಗಿತು. ನೀಲಾಜಿ ಹುರಿ ಬಿಡಿಸಿಕೊಂಡು, ಮಂಡಿಯೂರಿ ಕೂತು ನೋಡಿದಳು. ಗಾಳಿಯೆಲ್ಲ ತಲೆಯ ಮೇಲೆ ಹೋಗುತ್ತಿತ್ತು. ನೀರಿಗೆ ಹತ್ತಿರದ ಜೊಂಡು ಅಲುಗುತ್ತಿರಲಿಲ್ಲ. ಅವಳು ಕೋಲನ್ನು ಅಡ್ಡಲಾಗಿ ಹಿಡಿದು, ನೀರನ್ನು ಮುಟ್ಟಿಯೂ ಮುಟ್ಟದಂತೆ ಬೀಸಿದಳು. ಹುರಿಯ ಸುರುಳಿ ಬಾಣದಷ್ಟು ಕಿರಿದಾಗಿ ಗಾಳಿಯ ಹೊಟ್ಟೆಯ ಕೆಳಗೇ ನುಸುಳಿತು. ಈ ಸಲ ಕಟ್ಟಿದ್ದು ಅಪ್ಪ ಕಲಿಸಿದ ಕೆಂಪು ಹುಂಜದ ಗರಿಯ ಹುಳ. ಮೀನು ಬಂತು, ನೋಡಿತು, ಒಂದು ಗುಳ್ಳೆ ಬಿಟ್ಟು ಹೊರಟುಹೋಯಿತು.

ನೀಲಾಜಿಯ ಕಣ್ಣು ತುಂಬಿತು. "ಬೀಸಿನಲ್ಲಿ ತಪ್ಪಿಲ್ಲ ಅವ್ವ. ನನಗೆ ಗೊತ್ತು, ತಪ್ಪಿಲ್ಲ. ಆದರೂ ಒಲ್ಲದು."

"ನಾನು ಮೀನು ಹಿಡಿದವಳಲ್ಲ. ಆದರೆ ನಿಮ್ಮಪ್ಪಾಜಿಯ ಜೊತೆ ಬಾಳಿದವಳು" ಎಂದಳು ರಾಣಿ. "ತನಗೆ ಗೊತ್ತಿರುವ ಕತೆಯನ್ನು ಬೇರೆಯವರು ಹೇಳಿದರೆ ಅವರು ಎದ್ದುಹೋಗುತ್ತಿದ್ದರು. ಗೊತ್ತಿಲ್ಲದ್ದು ಹೇಳಿದರೆ ಊಟ ಬಿಟ್ಟು ಕೇಳುತ್ತಿದ್ದರು."

ನೀಲಾಜಿ ಅವ್ವನ ಮುಖವನ್ನೇ ನೋಡಿದಳು. ಹೌದು, ನವಿಲುಗರಿ ಅಪ್ಪನದು, ಕೆಂಪುಗರಿ ಅಪ್ಪನದು. ತನ್ನದೆಂಬ ಹುಳವನ್ನು ತಾನು ಒಂದೂ ಕಟ್ಟಿರಲಿಲ್ಲ.

ಹುಣ್ಣಿಮೆಯ ದಿನ ಬೆಳಗಾಯಿತು. ಮೂರನೆಯ ಮಡು ಕನ್ನಡಿಯಂತೆ ನಿಂತಿತ್ತು. ನಡುವೆ ಬಂಡೆಯಷ್ಟು ದೊಡ್ಡ ಮೊಸಳೆಯೊಂದು ಮಲಗಿತ್ತು, ಅದೂ ಬೂದಿಗಣ್ಣನದೇ. ಒಂದು ಹನಿ ಸಿಡಿದ ಸದ್ದಾದರೂ ಅದಕ್ಕೆ ಎಚ್ಚರ. ಅದರ ಆಚೆ, ನೆರಳಿನಲ್ಲಿ, ಹೊನ್ನಿನ ಮೀನು.

ನೀಲಾಜಿ ಕೋಲು ಮುಟ್ಟಲಿಲ್ಲ. ದಡದಲ್ಲಿ ಕೂತು ನೀರನ್ನೇ ನೋಡಿದಳು. ಬಿಸಿಲು ಏರುತ್ತಿದ್ದಂತೆ ನೀರೊಳಗಿಂದ ಮಸುಕು ಬಣ್ಣದ ಸಣ್ಣ ಹುಳುಗಳು ಎದ್ದು, ರೆಕ್ಕೆ ಒಣಗಿಸಿಕೊಂಡು ಹಾರತೊಡಗಿದವು. ಯಾರೂ ತಿರುಗಿ ನೋಡದ ಹುಳು, ಅಂದಚಂದವಿಲ್ಲ. ಅವಳು ಗುಬ್ಬಿಯ ಉದುರುಗರಿಯೊಂದನ್ನು ಹೆಕ್ಕಿ, ನತ್ತಿನ ಕೊಕ್ಕೆಗೆ ಸುತ್ತಿ, ಒಂದು ರೆಕ್ಕೆ ಮಡಚಿದ ಹಾಗೆ ಕಟ್ಟಿದಳು. ನೀರಿನಿಂದ ಈಗಷ್ಟೇ ಎದ್ದು, ಇನ್ನೂ ಹಾರಲಾರದ ಹುಳು.

"ಹುರಿಯ ತುದಿ ದಪ್ಪವಾಯಿತು. ಮೀನಿಗೆ ಕಾಣುತ್ತದೆ" ಎಂದಳು.

ರಾಣಿ ತನ್ನ ಉದ್ದನೆಯ ನರೆಗೂದಲು ನಾಲ್ಕಾರು ಕಿತ್ತು ಕೊಟ್ಟಳು. "ತಗೋ, ಹೊಸೆದುಕೋ. ಅವರ ಮೀನಿನ ಹುಚ್ಚಿಗೇ ತಾನೆ ಇವು ನರೆತದ್ದು!"

ನೀಲಾಜಿ ಎದ್ದು ನಿಂತಳು. ಹಿಂದಕ್ಕೆ ಬೀಸಿದಳು, ತಾಳಿದಳು. ಮುಂದಕ್ಕೆ ಬೀಸಿದಳು, ಆದರೆ ನೀರಿನತ್ತ ಅಲ್ಲ, ಎತ್ತರದ ಗಾಳಿಯತ್ತ. ಹುರಿ ಮೊಸಳೆಯ ಮೇಲೆ ಹಾದು, ನೆಟ್ಟಗೆ ಚಾಚಿಕೊಂಡು, ಅಲ್ಲಿಯೇ ತನ್ನ ಬಿರುಸನ್ನೆಲ್ಲ ಕಳೆದುಕೊಂಡಿತು. ಆಮೇಲೆ ಬೂರುಗದ ಹತ್ತಿಯಂತೆ ತೇಲುತ್ತ ಇಳಿಯಿತು. ನೀರಿಗೆ ಗೊತ್ತಾಗಲಿಲ್ಲ. ಮೊಸಳೆಗೂ ಗೊತ್ತಾಗಲಿಲ್ಲ.

ಮೀನು ಬಂತು, ನೋಡಿತು, ಬಾಯಿ ತೆರೆದು ಗಬಕ್ಕನೆ ಕಚ್ಚಿತು.

ನೀಲಾಜಿ ಕೋಲು ಎತ್ತಿದಳು. ಮೀನು ಆಳುದ್ದ ನೆಗೆದು ದಬಾರನೆ ಬಿತ್ತು. ಮೊಸಳೆ ಕಣ್ಣು ತೆರೆಯಿತು. ಮೀನು ಮುಂದೆ, ಮೊಸಳೆ ಹಿಂದೆ.

"ಎಳೆಯೇ ಮಗಳೇ, ಎಳೆ!" ಎಂದು ರಾಣಿ ಚೀರಿದಳು.

"ಎಳೆಯುವುದಿಲ್ಲ ಅವ್ವ. ಓಡಲಿ!" ನೀಲಾಜಿ ಬೆರಳ ಸಂದಿನಿಂದ ಹುರಿ ಬಿಟ್ಟಳು. ಬೆರಳು ಸುಟ್ಟವು. ಸಡಿಲವೂ ಆಗದಂತೆ ಬಿಗಿಯೂ ಆಗದಂತೆ ಬಿಡುತ್ತಲೇ ಇದ್ದಳು. ಮೀನು ಮಡುವಿನ ಬಾಯಿಗೆ ಓಡಿ, ನೊರೆನೀರಿನ ಬಂಡೆಗಳ ಸಂದಿಯಲ್ಲಿ ನುಗ್ಗಿತು. ಆ ದೈತ್ಯ ಮೊಸಳೆ ಆ ಸಂದಿಯಲ್ಲಿ ತೂರಲಾದೀತೇ? ಬಂಡೆಗೆ ಬಡಿದು, ಸೆಳವಿಗೆ ಸಿಕ್ಕಿ, ಬಂಡೆಗಳಾಚೆ ಧುಮುಕುವ ಅಬ್ಬಿಯ ಕೆಳಗೆ ಬಿದ್ದು ಚೂರಾಯಿತು.

ಆಮೇಲೆ ನೀಲಾಜಿ ಮೀನನ್ನು ತಿರುಗಿಸಿದಳು. ಅದು ಓಡಿದರೆ ಬಿಟ್ಟಳು, ನಿಂತರೆ ಸುತ್ತಿಕೊಂಡಳು. ನೆತ್ತಿಯ ಮೇಲಿನ ಸೂರ್ಯ ಪಡುವಣಕ್ಕೆ ವಾಲುವ ಹೊತ್ತಿಗೆ ಮೀನು ದಣಿದು ಮಗ್ಗುಲಾಯಿತು. ಅಷ್ಟರಲ್ಲಿ ಬೂದಿಗಣ್ಣ ಬಲೆ ಹೊತ್ತು ಓಡಿಬರುವುದು ಕಂಡಿತು. ನೀಲಾಜಿ ನೀರಿಗಿಳಿದಳು. ಒಣಗೈ ತಾಗಿದರೆ ಮೀನಿನ ಮೈ ನೋಯುತ್ತದೆಂದು ಎರಡೂ ಕೈ ನೀರಲ್ಲಿ ಅದ್ದಿ, ಮಗುವನ್ನು ಎತ್ತುವಂತೆ ಎತ್ತಿ ದಡದಲ್ಲಿಟ್ಟಳು. ಒಂದು ಹನಿ ರಕ್ತವಿಲ್ಲ.

ಮರುಗಳಿಗೆಯಲ್ಲಿ ಮಾರಭೂಪ ಅಲ್ಲಿ ಕೂತಿದ್ದ, ಮೀಸೆಯಿಂದ ನೀರು ತೊಟ್ಟಿಕ್ಕಿಸುತ್ತ. ಮುರಿದ ಮಾಟ ಮಾಡಿದವನ ಮೇಲೆಯೇ ತಿರುಗಿತು. ಬೂದಿಗಣ್ಣ ನಿಂತಲ್ಲೇ ಬೂದಿಗುಡ್ಡೆಯಾದ. ಹೊಳೆಯ ಒಂದು ಅಲೆ ಬಂದು ಗುಡ್ಡೆಯನ್ನು ಬಳಿದುಕೊಂಡು ಹೋಯಿತು. ಮುಳ್ಳಿನ ಗೋಡೆ ಒಣಗಿ ಉದುರಿತು. ಗಾಳಿಗೂಳಿ ಸಾಧುವಾಗಿ ಹುಲ್ಲು ಮೇಯತೊಡಗಿತು.

ಅರಸ ತುಟಿಯಿಂದ ಗರಿಹುಳ ಬಿಡಿಸಿ, ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ.

"ಇದನ್ನು ಕಟ್ಟಿದ್ದು ಯಾರು?"

"ನಾನೇ, ಅಪ್ಪಾಜಿ."

"ಇಳಿಸಿದ್ದು?"

"ಅದೂ ನಾನೇ."

"ನಿಜವಾದ ಹುಳು ಅಂದುಕೊಂಡೆನಲ್ಲೇ!" ಎಂದು ಅರಸ ಗಹಗಹಿಸಿ ನಕ್ಕ. ಮಗಳ ಸುಟ್ಟ ಬೆರಳುಗಳನ್ನು ಕಣ್ಣಿಗೊತ್ತಿಕೊಂಡ. ಸುದ್ದಿ ಕೇಳಿ ದಡಕ್ಕೆ ಬಂದು ಸೇರಿದ್ದ ಜನರೆದುರು ಆ ಕೈಯನ್ನು ಮೇಲೆತ್ತಿ, "ಮಡುವೂರಿನವರೇ, ನೋಡಿಕೊಳ್ಳಿ! ಇನ್ನು ಮೇಲೆ ಈ ನಾಡಿನ ಮೊದಲ ಕೈ ಇದು" ಎಂದು ಕೂಗಿ ಹೇಳಿದ.

ಆಮೇಲೆ ಮಡುವೂರಿನಲ್ಲಿ ಬೆಳೆಗೆ ನೀರಾಯಿತು, ಮನೆಗೆ ನಗುವಾಯಿತು. ನೀಲಾಜಿ ಕೇಳಿದವರಿಗೆಲ್ಲ ವಿದ್ಯೆ ಕಲಿಸಿದಳು. ನೆರೆನಾಡಿನ ಅರಸರು ಬಂದು, ನಮ್ಮ ಮಕ್ಕಳು ಆ ಕೋಟೆ ಹಿಡಿದರು, ಈ ಕೋಟೆ ಹಿಡಿದರು ಎಂದು ಕೊಚ್ಚಿಕೊಂಡಾಗಲೆಲ್ಲ ಮಾರಭೂಪ ಮೀಸೆ ತೀಡುತ್ತ ಹೇಳುತ್ತಿದ್ದ:

"ಕೋಟೆಗೇನು, ನಿಂತಲ್ಲೇ ನಿಂತಿರುತ್ತದೆ. ನನ್ನ ಮಗಳು ನನ್ನನ್ನು ಹಿಡಿದಳು ಸ್ವಾಮಿ. ನಾನೇನು ಸುಲಭಕ್ಕೆ ಬೀಳುವ ಮೀನಲ್ಲ!"