ಕುಣಿಮಗ್ಗದ ಮಿಡಿತ

ನಾಯಿಯ ತೊಡೆಗೆ ಕಟ್ಟಿದ್ದ ಪಟ್ಟಿ ಸಣ್ಣಗೆ ಮಿಡಿಯಿತು. ಚಿಕ್ಕಿಯ ಹಿಂಗಾಲಿನಲ್ಲಿ ಜಾರತೊಡಗಿದ್ದ ಮೊಣಕಾಲ ಚಿಪ್ಪನ್ನು ತೊಡೆಯ ಸ್ನಾಯು ಬಿಗಿದು ಜಾಡಿಗೆ ಎಳೆದುಕೊಂಡಿತು. ಕುಂಟಲೆಂದು ಎತ್ತಿದ ಕಾಲನ್ನು ನಾಯಿ ಮತ್ತೆ ನೆಲಕ್ಕೂರಿತು.

"ಇದು ಮಂಡಿಗಾವಲು," ಎಂದಳು ಅದನ್ನು ರೂಪಿಸಿದ ಪಶುವೈದ್ಯೆ ಶಾಲ್ಮಲಾ. "ಸಣ್ಣ ಜಾತಿ ನಾಯಿಗಳಿಗೆ ಚಿಪ್ಪು ಕೂಡೋ ಜಾಡು ಆಳ ಇರೂದಿಲ್ಲ, ಜಾರತೈತಿ. ಇದರ ಹೃದಯ ಅಶಕ್ತ, ಶಸ್ತ್ರಚಿಕಿತ್ಸೆ ಆಗೂದಿಲ್ಲ. ತೊಡಿ ಬಲೀಬೇಕು, ಜಿಗಿಯೂದು ನಿಲ್ಲಬೇಕು. ಇಲ್ಲಾಂದ್ರ ಆ ಕಾಲು ಹೋದಂಗ."

"ಜಿಗೀಬ್ಯಾಡ ಅಂತ ನೀವ ಹೇಳ್ರಿ ಬಾಯಾರ," ಎಂದ ನಾಯಿ ಸಾಕಿದ ಮುರಿಗೆಪ್ಪ. "ನನ್ನ ಮಾತು ಅದು ಎಂದ ಕೇಳೇತಿ?"

ಗುಳೇದಗುಡ್ಡದ ಮಗ್ಗಗಳೆಲ್ಲ ತಾವೇ ನೇಯುತ್ತಿದ್ದ ಕಾಲವದು. ಮುರಿಗೆಪ್ಪನೊಬ್ಬ ಇನ್ನೂ ಮಗ್ಗದಡಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು, ತುಳಿಮಣೆ ತುಳಿದು ಕುಪ್ಪಸದ ಖಣ ನೇಯುತ್ತಿದ್ದ. ಮೊಣಕಾಲ ನೋವು ಅವನನ್ನೂ ಕಾಡುತ್ತಿತ್ತು. ಮಗ್ಗಕ್ಕೆ ಹೂಡಿದ ಈ ಹಾಸಿನ ನೂಲು ಮುಗಿದರೆ ಮಗ್ಗ ಬಿಚ್ಚುವುದೆಂದಿದ್ದ. ಅವನು ಕುಣಿಗಿಳಿದರೆ ಚಿಕ್ಕಿ ಹಿಂದೆಯೇ ಹಾರುತ್ತಿತ್ತು. ಚಿಪ್ಪು ಜಾರಿದ್ದೇ ಹಾಗೆ.

ಶಾಲ್ಮಲಾ ಅವನಿಗೂ ಒಂದು ಜೋಡಿಪಟ್ಟಿ ಕೊಟ್ಟಳು. ಅದನ್ನು ಮುಂಗೈಗೆ ಕಟ್ಟಿಕೊಂಡು ಬಿಡುವಾದಾಗ ಒತ್ತಬೇಕು. ಒತ್ತಿದಷ್ಟು ಸಲ ನಾಯಿಯ ತೊಡೆಗೆ ಮಿಡಿತ ತಲುಪಿ ಸ್ನಾಯುವಿಗೆ ವ್ಯಾಯಾಮವಾಗುತ್ತದೆ.

ತಿಂಗಳು ಕಳೆದು ಅವಳು ಬಂದು ನೋಡಿದರೆ ಚಿಕ್ಕಿಯ ತೊಡೆ ಕಲ್ಲಿನಂತಾಗಿತ್ತು. ನಾಯಿ ಕುಣಿಯ ಅಂಚಿನಲ್ಲಿ ಮಲಗಿತ್ತು, ಹಾರುವ ಯೋಚನೆಯೇ ಇಲ್ಲ.

"ಏನ್ ಮಾಡಿದ್ರಿ ಕಾಕಾ? ಹಗಲೆಲ್ಲಾ ಒತ್ತಿದ್ರೇನು?"

"ಒತ್ತಾಕ ಕೈ ಎಲ್ಲಿ ಖಾಲಿ ಇರತಾವವ್ವಾ?"

ಅವಳು ಬಗ್ಗಿ ನೋಡಿದಳು. ಪಟ್ಟಿ ಅವನ ಮೊಣಕಾಲ ಮೇಲಿತ್ತು.

"ಮುಂಗೈಗೆ ಅಂದಿದ್ನಲ್ಲ?"

"ಮುಂಗೈಗೆ ಕಟ್ಟಿದ್ರ ಎಳಿಗೆ ಸಿಗತೈತಿ. ಮೊಣಕಾಲ ಬ್ಯಾನಿ ಅಲ್ಲೇನು, ಮೊಣಕಾಲಿಗೇ ಬಿಗದೆ."

ಶಾಲ್ಮಲಾ ನಕ್ಕಳು. ಅವನು ತುಳಿದಾಗಲೆಲ್ಲ ಕಾಲಿನ ಸ್ನಾಯು ಉಬ್ಬಿ ಪಟ್ಟಿಯನ್ನು ಒತ್ತಿತ್ತು. ಮಗ್ಗದ ಲಯವೇ ನಾಯಿಯ ವ್ಯಾಯಾಮವಾಗಿತ್ತು. ಆ ಲಯವನ್ನು ಹಿಡಿದು ಅವಳು ಒಂದು ಮಿಡಿತಯಂತ್ರ ಮಾಡಿ ತಂದಳು. "ಇನ್ನ ಇದ ಮಿಡಿತೈತಿ. ನೀವು ಮಗ್ಗ ಬಿಚ್ಚಿ ಆರಾಮ ಕುಂದರ್ರಿ."

ಮುರಿಗೆಪ್ಪ ಅವಳೊಡನೆ ಹೊರಗಿನ ಕಟ್ಟೆಗೆ ಹೋಗಿ ಕುಳಿತ. ಒಳಗೆ ಯಂತ್ರ ಮಿಡಿಯತೊಡಗಿತು, ಒಂದು ತುಳಿತವೂ ತಪ್ಪಲಿಲ್ಲ. ಚಿಕ್ಕಿ ಕಿವಿ ನಿಮಿರಿಸಿ ಎದ್ದಿತು. ಮುದುಕ ನೇಯುತ್ತಿದ್ದಾನೆಂದು ಅದರ ತೊಡೆ ಹೇಳುತ್ತಿತ್ತು. ಕುಣಿಯೊಳಗೆ ಇಣುಕಿದರೆ ಯಾರೂ ಇಲ್ಲ. ಸುತ್ತ ತಿರುಗಿತು, ಕುಂಯ್‌ಗುಟ್ಟಿತು, ಕೊನೆಗೆ ಅವನನ್ನು ಹುಡುಕಿಕೊಂಡು ಕುಣಿಗೆ ಹಾರಿಯೇಬಿಟ್ಟಿತು.

ನಾಯಿಯ ಕೂಗು ಕೇಳಿ ಇಬ್ಬರೂ ಒಳಗೋಡಿದರು. ಶಾಲ್ಮಲಾ ಯಂತ್ರ ಆರಿಸಿ, ಜಾರಿದ್ದ ಚಿಪ್ಪನ್ನು ಬೆರಳಿನಿಂದ ಮೆಲ್ಲಗೆ ಕೂಡಿಸಿದಳು. "ಇನ್ನೊಮ್ಮೆ ಹಿಂಗ ಹಾರಿದ್ರ ಉಳಿಯೂದಿಲ್ಲ ಕಾಕಾ. ಮಿಡಿತ ಕಳಿಸೂದು ಅಷ್ಟ ನನ್ನ ತಲ್ಯಾಗಿತ್ತು. ಮಿಡಿತ ಬಂದ್ರ ಅದು ನಿಮ್ಮನ್ನ ಹುಡುಕತೈತಿ ಅಂತ ಹೊಳೀಲಿಲ್ಲ."

ಮುರಿಗೆಪ್ಪ ಸೊಂಟ ಹಿಡಿದುಕೊಂಡು ಕುಣಿಗಿಳಿದು ಜೋಡಿಪಟ್ಟಿ ಬಿಗಿದ. ಹಾಸಿನಲ್ಲಿ ಇನ್ನು ಗೇಣುದ್ದವಷ್ಟೇ ಉಳಿದಿತ್ತು.

"ಹೊಸಾ ಹಾಸು ಕೂಡಸಬೇಕಾತು," ಎಂದ. "ಬಾಯಾರ, ನಾಯಿಗೆ ಮಾಡೀರಿ. ಮನಷ್ಯಾಗೂ ಒಂದ ಮಂಡಿಗಾವಲು ಮಾಡಾಕ ಬರತೈತೇನ್ರಿ?"

ಶಾಲ್ಮಲಾ ಕುಣಿಯ ಅಂಚಿನಲ್ಲಿ ಕುಳಿತು ಅವನ ಮೊಣಕಾಲಿನ ಅಳತೆ ತೆಗೆದುಕೊಂಡಳು. ಅವನು ತುಳಿಯತೊಡಗಿದ. ಚಿಕ್ಕಿ ಒಮ್ಮೆ ಇಣುಕಿ ನೋಡಿ, ಅವನಿದ್ದಾನೆಂದು ಖಾತ್ರಿ ಮಾಡಿಕೊಂಡು ಮಲಗಿತು.